ಸಾನ್‌ಫು 40 ದಿನ: ರಾಯಚೂರಿನ ಜಂಬ ಚೊಂಗ್‌ಚಿಂಗ್ ಮೆಟ್ಟಿಲ ಮೇಲೆ ಇಳಿದ ಪ್ರಕರಣ

ನಾನು ರಾಯಚೂರಿನವನು. ಇದನ್ನ ಮೊದಲೇ ಹೇಳ್ತಿರೋದು ಯಾಕಂದ್ರೆ ಈ ಕೇಸ್‌ನಲ್ಲಿ ಎಲ್ಲಾದಕ್ಕಿಂತ ಮೊದಲನೇ ಕಾರಣ ಅದೇ. ಮೇ ತಿಂಗಳಲ್ಲಿ 43, 44 ಡಿಗ್ರಿ ನೋಡ್ಕೊಂಡೇ ಬೆಳೆದವನು, ತಲೆಗೆ ಟವೆಲ್ ಸುತ್ತಿ ಜೇಬಲ್ಲಿ ಒಂದು ಉಳ್ಳಾಗಡ್ಡಿ ಹಾಕ್ಕೊಂಡು ಮಟಮಟ ಮಧ್ಯಾಹ್ನ ಕ್ರಿಕೆಟ್ ಆಡಿದವನು, ನನಗೇನು ಚೀನಾದವರು ಬಿಸಿಲಿನ ಪಾಠ ಹೇಳೋದು ಅನ್ನೋ ಜಂಬ ಇತ್ತು. ಆ ಜಂಬ 2022ರ ಆಗಸ್ಟ್ 18, ಗುರುವಾರ, ಸಂಜೆ ಐದೂವರೆ ಹೊತ್ತಿಗೆ ಚೀನಾದ ಚೊಂಗ್‌ಚಿಂಗ್ ಊರಲ್ಲಿ ಒಂದು ಮೆಟ್ಟಿಲ ಸಾಲಿನ ನಡುವೆ ವಾಂತಿ ಮಾಡ್ಕೊಂಡು ಕೂತಾಗ ಇಳೀತು. ಹೇಗಾಯ್ತು, ಯಾಕಾಯ್ತು, ಕೆಳಗಡೆ ಮನೆ ಅಜ್ಜಿ ಯಾವುದರಲ್ಲಿ ಸರಿ ಇದ್ದಳು, ಯಾವುದರಲ್ಲಿ ತಪ್ಪಿದ್ದಳು, ಅಷ್ಟನ್ನೂ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಚೊಂಗ್‌ಚಿಂಗ್ ಅಂದ್ರೆ ನೈಋತ್ಯ ಚೀನಾದಲ್ಲಿ ಯಾಂಗ್ತ್ಸೆ ಮತ್ತೆ ಜ್ಯಾಲಿಂಗ್ ನದಿಗಳು ಸೇರೋ ಕಡೆ ಬೆಟ್ಟದ ಮೇಲೆ ಕಟ್ಟಿರೋ ಊರು. ಮೋಟಾರ್‌ಸೈಕಲ್ ಬಿಡಿಭಾಗಗಳ ಫ್ಯಾಕ್ಟರಿ ಸಿಕ್ಕಾಪಟ್ಟೆ, ನಾನು ಅಲ್ಲಿದ್ದಿದ್ದೂ ಅದೇ ಕೆಲಸಕ್ಕೆ, ಕ್ವಾಲಿಟಿ ಚೆಕ್ಕಿಂಗ್. ಕೋವಿಡ್‌ಗೆ ಮುಂಚೆ ಹೋದವನು, ಆಮೇಲೆ ಡೈರೆಕ್ಟ್ ಫ್ಲೈಟೂ ನಿಂತು ಅಲ್ಲೇ ಉಳ್ಕೊಂಡೆ. ಚೀನಾದವರು ನಾನ್‌ಜಿಂಗ್, ವುಹಾನ್ ಜೊತೆ ಈ ಊರನ್ನೂ ಸೇರಿಸಿ ಮೂರು ಒಲೆಗಳು ಅಂತ ಕರೀತಾರೆ, ಹಳೇ ಮಾತು ಅದು. ಹೋದ ಮೊದಲ ವರ್ಷ ಅದನ್ನ ಕೇಳಿ ನಕ್ಕಿದ್ದೆ.

ಈಗ ಸಾನ್‌ಫು, ಅಂದ್ರೆ ಚೀನಾದ ಹಳೇ ಪಂಚಾಂಗದಲ್ಲಿ ವರ್ಷದ ಅತೀ ಸೆಕೆಯ ದಿನಗಳು. ಸಾನ್ ಅಂದ್ರೆ ಮೂರು, ಫು ಅಂದ್ರೆ ಅವಿತುಕೊಳ್ಳೋದು, ಮೈ ಚೆಲ್ಲಿ ಬೋರಲು ಬೀಳೋದು ಅಂತ ಅರ್ಥ. ಆ ಅಕ್ಷರದಲ್ಲೇ ಎಡಗಡೆ ಮನುಷ್ಯ ಬಲಗಡೆ ನಾಯಿ, ಸೆಕೆಗೆ ನಾಲಿಗೆ ಚಾಚಿ ಬಿದ್ದಿರೋ ನಾಯಿ ಕಣ್ಣಿಗೆ ಬರುತ್ತೆ. ಲೆಕ್ಕ ಮಾತ್ರ ತಮಾಷೆಯದ್ದು. ಅವರ ಹಳೇ ಪಂಚಾಂಗದಲ್ಲಿ ದಿನಗಳಿಗೆ ಹತ್ತು ಹೆಸರು ಸುತ್ತುತ್ತಾ ಇರುತ್ತೆ, ಏಳನೇದು ಗೆಂಗ್. ಬೇಸಿಗೆ ಅಯನ ಸಂಕ್ರಾಂತಿ, ಅಂದ್ರೆ ವರ್ಷದಲ್ಲೇ ಉದ್ದದ ಹಗಲಿನ ದಿನ, ಆದಮೇಲೆ ಬರೋ ಮೂರನೇ ಗೆಂಗ್ ದಿನಕ್ಕೆ ಮೊದಲನೇ ಫು ಶುರು, ನಾಲ್ಕನೇ ಗೆಂಗ್‌ಗೆ ನಡುವಿನ ಫು, ಶರತ್ಕಾಲ ಹುಟ್ಟಿತು ಅನ್ನೋ ದಿನ ದಾಟಿದ ಮೇಲಿನ ಮೊದಲ ಗೆಂಗ್‌ಗೆ ಕೊನೇ ಫು. ಮೊದಲನೇದು ಹತ್ತು ದಿನ, ಕೊನೇದು ಹತ್ತು ದಿನ, ನಡುವಿನದು ಮಾತ್ರ ಕೆಲವು ವರ್ಷ ಹತ್ತು, ಕೆಲವು ವರ್ಷ ಇಪ್ಪತ್ತು. 2022ರಲ್ಲಿ ಇಪ್ಪತ್ತು ಬಿತ್ತು. ಜುಲೈ 16ಕ್ಕೆ ಶುರುವಾಗಿ ಆಗಸ್ಟ್ 24ಕ್ಕೆ ಮುಗೀತು, ಒಟ್ಟು 40 ದಿನ. ಗೆಂಗ್ ದಿನವೇ ಯಾಕೆ ಅಂದ್ರೆ ಅದು ಲೋಹದ ದಿನ, ಬೆಂಕಿಗೆ ಹೆದರಿ ಲೋಹ ಅವಿತುಕೊಳ್ಳುತ್ತೆ ಅಂತ ಅವರ ತರ್ಕ. ಕ್ರಿಸ್ತಪೂರ್ವ 676ರಲ್ಲಿ ಚಿನ್ ರಾಜ್ಯದಲ್ಲಿ ಇದನ್ನ ಆಚರಿಸೋಕೆ ಶುರು ಮಾಡಿದ್ರು ಅಂತ ಅವರ ಹಳೇ ಇತಿಹಾಸ ಗ್ರಂಥದಲ್ಲೇ ದಾಖಲೆ ಇದೆ. ಮೊದಲನೇ ಫು ಹೆಸರು ಥೌಫು, ನಾನು ಎಷ್ಟೋ ದಿನ ಇವರು ತಿನ್ನೋ ಟೋಫು ಬಗ್ಗೆ ಮಾತಾಡ್ತಿದ್ದಾರೆ ಅಂದ್ಕೊಂಡಿದ್ದೆ.

ನಮ್ಮಲ್ಲೂ ಇಂಥದ್ದು ಇದೆ ತಾನೇ, ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ ಅಂತಾರೆ, ಮಳೆ ಬರಲಿ ಬಿಡಲಿ ನಕ್ಷತ್ರ ಅದರ ಪಾಡಿಗೆ ಬಂದು ಹೋಗುತ್ತೆ, ಆದ್ರೆ ರೈತ ಆ ಹದಿಮೂರು ಹದಿನಾಲ್ಕು ದಿನ ರೆಡಿಯಾಗಿ ಇರ್ತಾನೆ. ಸಾನ್‌ಫು ಕೂಡ ಹಾಗೇ. ಥರ್ಮಾಮೀಟರ್ ನೋಡಿ ಶುರು ಮಾಡೋದಲ್ಲ, ದಿನ ಬಂತು ಅಂದ್ರೆ ಬಂತು, ಅವತ್ತಿಂದ ಮನೆಯ ದಿನಚರಿಯೇ ಬೇರೆ. ಇದು ನನಗೆ ಆಗ ಹಾಸ್ಯ ಅನ್ನಿಸ್ತಿತ್ತು.

ಜುಲೈ

ಕೆಳಗಡೆ ಮನೆ ಅಜ್ಜಿಗೆ ಎಪ್ಪತ್ತು ದಾಟಿತ್ತು. ಬಿಪಿ ಇತ್ತು, ಚಳಿಗಾಲ ಬಂದ್ರೆ ಬಿಡದ ಕೆಮ್ಮು. ಜುಲೈ 16 ಶನಿವಾರ ಬೆಳಿಗ್ಗೆ ಬೆನ್ನಿಗೆ ನಾಲ್ಕು ಕರೀ ಬಿಲ್ಲೆ ಅಂಟಿಸ್ಕೊಂಡು ಬಂದಳು. ಅದರ ಹೆಸರೇ ಸಾನ್‌ಫು ಪಟ್ಟಿ. ಚಳಿಗಾಲದ ಕಾಯಿಲೆಗೆ ಬೇಸಿಗೇಲಿ ಮದ್ದು ಅಂತ ಅವರ ನಂಬಿಕೆ, ಮೂರೂ ಫು ಶುರುವಾಗೋ ದಿನ ಆಸ್ಪತ್ರೆಗಳ ಮುಂದೆ ಇದಕ್ಕೇ ಕ್ಯೂ ಇರುತ್ತೆ. ಒಳಗೆ ಏನಿದೆ ಅಂತ ಕೇಳಿದ್ರೆ ಮುಖ್ಯವಾಗಿ ಬಿಳಿ ಸಾಸಿವೆ ಪುಡಿ, ಶುಂಠಿ ರಸದಲ್ಲಿ ಕಲಸಿದ್ದು, ಜೊತೆಗೆ ಇನ್ನೆರಡು ಮೂರು ಬೇರು. ಸಾಸಿವೆ ಅರೆದು ಚರ್ಮಕ್ಕೆ ಮೆತ್ತಿದ್ರೆ ಏನಾಗುತ್ತೆ ಅಂತ ನಮ್ಮ ಅಡುಗೆಮನೇಲಿ ಕೈ ಉರಿಸ್ಕೊಂಡ ಯಾರಿಗಾದ್ರೂ ಗೊತ್ತು. ಎರಡು ಮೂರು ಗಂಟೆ ಇಟ್ಟು ತೆಗೀಬೇಕಾದ್ದನ್ನ ಅಜ್ಜಿ ಜಾಸ್ತಿ ಇಟ್ಟಷ್ಟೂ ಜಾಸ್ತಿ ಗುಣ ಅಂತ ಸಂಜೆವರೆಗೂ ಇಟ್ಕೊಂಡಿದ್ದಳು. ಮಾರನೇ ದಿನ ನಾಲ್ಕು ಕಡೆನೂ ನೀರುಗುಳ್ಳೆ, ಅದರ ಮೇಲೆ ಬೆವರು ಸೇರಿ ಕೀವು. ಗುಳ್ಳೆ ಬಂದಿದ್ದು ಒಳ್ಳೇದಾಯ್ತು, ಔಷಧಿ ಹಿಡಿದಿದೆ ಅಂತ ಅವಳ ಖುಷಿ ಬೇರೆ. ಕೆಮ್ಮಿಗೆ ಅದು ಕೆಲಸ ಮಾಡುತ್ತೆ ಅನ್ನೋಕೆ ಗಟ್ಟಿ ಪುರಾವೆ ಅಂತ ಹೇಳೋ ಅಷ್ಟು ಏನೂ ಇಲ್ಲ, ಸುಟ್ಟ ಚರ್ಮಕ್ಕೆ ಮಾತ್ರ ನಾನೇ ಸಾಕ್ಷಿ, ಹತ್ತು ದಿನ ಮುಲಾಮು ತಂದುಕೊಟ್ಟವನು ನಾನು.

ನನಗೆ ಮೊದಲು ಕಾಟ ಕೊಟ್ಟಿದ್ದು ಬಿಸಿಲಲ್ಲ, ಸೆಕೆ. ರಾಯಚೂರಿನ ಬಿಸಿಲು ಒಣ ಬಿಸಿಲು, ಬೆವರು ಬಂದಿದ್ದೇ ಗೊತ್ತಾಗಲ್ಲ, ಗಾಳಿ ಕುಡ್ಕೊಂಡು ಬಿಡುತ್ತೆ, ಅಂಗಿ ಮೇಲೆ ಬಿಳೀ ಉಪ್ಪಿನ ಗೆರೆ ಮಾತ್ರ ಉಳಿಯುತ್ತೆ. ಬೆವರು ಆರಿದ್ರೆ ತಾನೇ ಮೈ ತಣ್ಣಗಾಗೋದು, ಒಂದು ಗ್ರಾಂ ಬೆವರು ಆರೋಕೆ ಹೆಚ್ಚುಕಮ್ಮಿ 580 ಕ್ಯಾಲೊರಿ ಶಾಖ ಮೈಯಿಂದ ಕಿತ್ಕೊಂಡು ಹೋಗುತ್ತೆ, ಮಣ್ಣಿನ ಹರವಿಯ ನೀರು ತಣ್ಣಗಾಗೋದೂ ಅದೇ ಲೆಕ್ಕದಲ್ಲಿ. ಚೊಂಗ್‌ಚಿಂಗ್‌ನ ಜುಲೈನಲ್ಲಿ ಹರವಿ ಇಟ್ರೆ ನೀರು ಹಾಗೇ ಬೆಚ್ಚಗೆ ಇರುತ್ತೆ. ಬೆವರು ಹನಿ ಹನಿಯಾಗಿ ಮೊಣಕೈಯಿಂದ ತೊಟ್ಟಿಕ್ಕುತ್ತೆ, ಮೈ ತಣ್ಣಗಾಗೋದೇ ಇಲ್ಲ, ಉಪ್ಪು ನೀರು ಎರಡೂ ದಂಡಕ್ಕೆ ಖರ್ಚು. ಮೈತುಂಬ ಬೆವರುಸಾಲೆ, ಊಟ ಸೇರಲ್ಲ. ಆದ್ರೂ 36, 37 ಡಿಗ್ರಿ ಅಂತ ಫೋನಲ್ಲಿ ನೋಡಿ ಇದೊಂದು ಬಿಸಿಲಾ ಅಂತ ಅಂದ್ಕೋತಿದ್ದೆ. ಅಂಕಿ ನೋಡಿ ಮೋಸ ಹೋಗೋದು ಅಂದ್ರೆ ಇದೇ.

ಆಗಸ್ಟ್ ಶುರುವಾದ ಮೇಲೆ

ಆಗಸ್ಟ್ 7ಕ್ಕೆ ಪಂಚಾಂಗದ ಪ್ರಕಾರ ಶರತ್ಕಾಲ ಹುಟ್ಟಿತು. ಅಜ್ಜಿ ನಕ್ಕು ಶರತ್ಕಾಲದ ಹುಲಿ ಇನ್ನೂ ಬಾಕಿ ಇದೆ ಅಂದಳು, ಆ ಹೊತ್ತಿಗೆ ತಿರುಗಿ ಬರೋ ಬಿಸಿಲಿಗೆ ಅವರು ಹುಲಿ ಅಂತಲೇ ಅನ್ನೋದು. ಆ ವರ್ಷ ಹುಲಿ ಬಾಯಿ ತೆಗೀತು. ಪೆಸಿಫಿಕ್ ಕಡೆಯಿಂದ ಪ್ರತಿ ಬೇಸಿಗೆ ಬಂದು ಕೂರೋ ಅಧಿಕ ಒತ್ತಡದ ಪ್ರದೇಶ ಆ ಸಲ ಪಶ್ಚಿಮಕ್ಕೆ ಸರಿದು ಯಾಂಗ್ತ್ಸೆ ಕಣಿವೆ ಮೇಲೇ ಮುಚ್ಚಳ ಹಾಕಿದ ಹಾಗೆ ಕೂತುಬಿಡ್ತು, ಮೋಡ ಇಲ್ಲ ಮಳೆ ಇಲ್ಲ. ಜೂನ್ ಮಧ್ಯದಿಂದ ಆಗಸ್ಟ್ ಕೊನೇವರೆಗೂ 70 ದಿನಕ್ಕಿಂತ ಜಾಸ್ತಿ ನಡೆದ ಆ ಶಾಖದ ಅಲೆ 1961ರಿಂದ ಈಚೆಗೆ ದಾಖಲಾದದ್ದರಲ್ಲೇ ಜೋರಾದದ್ದು ಅಂತ ಅವರ ಹವಾಮಾನ ಇಲಾಖೆಯೇ ಹೇಳ್ತು. ಆಗಸ್ಟ್ 18ಕ್ಕೆ ಚೊಂಗ್‌ಚಿಂಗ್‌ನದೇ ಬೇಬೇಯ್ ಜಿಲ್ಲೇಲಿ 45 ಡಿಗ್ರಿ. ವಾಯವ್ಯದ ಶಿಂಜಿಯಾಂಗ್ ಪ್ರಾಂತ್ಯ ಬಿಟ್ರೆ ಚೀನಾದಲ್ಲಿ ಅಷ್ಟು ಯಾವತ್ತೂ ದಾಖಲಾಗಿರ್ಲಿಲ್ಲ.

ಜ್ಯಾಲಿಂಗ್ ನದಿ ತಳ ಕಾಣ್ತಿತ್ತು, ಜನ ನಡುವಿಗೆ ನಡ್ಕೊಂಡು ಹೋಗಿ ಫೋಟೋ ತೆಗೀತಿದ್ರು. ಯಾಂಗ್ತ್ಸೆಯಲ್ಲಿ ಮುಳುಗಿದ್ದ ಬಂಡೆ ಮೇಲಿಂದ ಮೂರು ಬೌದ್ಧ ವಿಗ್ರಹ ಎದ್ದು ಬಂದ್ವು. ನೀರಿಲ್ಲ ಅಂದ್ರೆ ಕರೆಂಟೂ ಇಲ್ಲ, ಪಕ್ಕದ ಸಿಚುವಾನ್ ಪ್ರಾಂತ್ಯದ ಕರೆಂಟಲ್ಲಿ ಸುಮಾರು ಶೇಕಡಾ 80 ಜಲವಿದ್ಯುತ್ತು. ಮನೆಗಳಿಗೆ ಕರೆಂಟ್ ಉಳಿಸೋಕೆ ಫ್ಯಾಕ್ಟರಿ ನಿಲ್ಲಿಸಿದ್ರು, ಮೆಟ್ರೋ ಸ್ಟೇಷನ್‌ನಲ್ಲಿ ಅರ್ಧ ಲೈಟ್ ಆಫ್. ಶಕ್ತಿನಗರದ ಚಿಮಣಿ ನೋಡ್ಕೊಂಡು ಬೆಳೆದವನಿಗೆ ಕರೆಂಟ್ ಹೋಗೋದು ಹೊಸದಲ್ಲ ಬಿಡಿ, ಆದ್ರೆ ಇಲ್ಲೂ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ.

18ನೇ ತಾರೀಕು

ಹಿಂದಿನ ರಾತ್ರಿ ಕಲೀಗ್ಸ್ ಜೊತೆ ಹಾಟ್‌ಪಾಟ್. ಚೊಂಗ್‌ಚಿಂಗ್ ಜನ ಎಂಥಾ ಬಿಸಿಲಿಗೂ ಆ ಕೆಂಪು ಎಣ್ಣೆ ಕುದಿಯೋ ಪಾತ್ರೆ ಮುಂದೆ ಕೂತು ಬೆವರು ಸುರಿಸ್ಕೊಂಡು ತಿಂತಾರೆ. ಖಾರ ನನಗೆ ಲೆಕ್ಕಕ್ಕಿಲ್ಲ, ಗುಂಟೂರು ಮೆಣಸಿನಕಾಯಿ ನಮ್ಮ ಪಕ್ಕದ ಊರಿನದು ಇದ್ದ ಹಾಗೆ, ಆದ್ರೆ ಖಾರ ಇಳಿಸೋಕೆ ಅಂತ ನಾಲ್ಕು ಬಾಟಲಿ ತಣ್ಣನೇ ಬಿಯರ್ ಕುಡಿದೆ. ಮನೆಗೆ ಬಂದು ಎಸಿ ಹಾಕಿಲ್ಲ. ಎಸಿ ಇತ್ತು. ಕರೆಂಟ್ ಉಳಿಸಿ ಅಂತ ಎಲ್ಲಾ ಕಡೆ ಮೆಸೇಜು, ಜೊತೆಗೆ ಅದೇ ಜಂಬ, ನಮ್ಮೂರಲ್ಲಿ ಎಸಿ ಎಲ್ಲಿತ್ತು ಅಂತ. ರೂಮಲ್ಲಿ ರಾತ್ರಿ ಎರಡು ಗಂಟೆಗೆ 33 ಡಿಗ್ರಿ, ಫ್ಯಾನ್ ಮುಂದೆ ಒದ್ದಾಡಿದ್ದೇ ಆಯ್ತು. ಅದಕ್ಕೂ ಹಿಂದಿನ ಎರಡು ರಾತ್ರಿನೂ ಹಾಗೇ.

ಬೆಳಿಗ್ಗೆ ತಿಂಡಿ ಇಲ್ಲ, ಬರೀ ಕಾಫಿ. ಫ್ಯಾಕ್ಟರಿ ಬಂದ್ ಆಗಿದ್ರೂ ಗೋಡೌನ್‌ನಲ್ಲಿ ಒಂದು ಲಾಟ್ ಚೆಕ್ ಮಾಡೋದಿತ್ತು, ತಗಡಿನ ಶೆಡ್ಡು, ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ. ಅಲ್ಲಿನ ನಿಯಮದ ಪ್ರಕಾರ 40 ಡಿಗ್ರಿ ಮುಟ್ಟಿದ್ರೆ ಹೊರಗಿನ ಕೆಲಸ ಪೂರ್ತಿ ನಿಲ್ಲಿಸಬೇಕು, 37 ದಾಟಿದ್ರೆ ದಿನಕ್ಕೆ ಆರು ಗಂಟೆ ಮೀರೋ ಹಾಗಿಲ್ಲ, ಅದರಲ್ಲೂ ಅತೀ ಬಿಸಿಲಿನ ಮೂರು ಗಂಟೆ ಬಿಡಬೇಕು. ಗೋಡೌನ್ ಒಳಗಡೆ ತಾನೇ, ಹೊರಗಲ್ಲವಲ್ಲ ಅಂತ ನಾನೇ ವಾದ ಮಾಡಿದ್ದೆ, ಯಾರೂ ಬಲವಂತ ಮಾಡಿದ್ದಲ್ಲ. ತಲೆ ಮೇಲೆ ಕಾದ ತಗಡು ಇರುವಾಗ ಒಳಗೇನು ಹೊರಗೇನು. ನೀರು ಕುಡಿದೆ, ಬೇಕಾದಷ್ಟು, ಮೂರು ಲೀಟರ್ ಮೇಲೇ ಇರಬೇಕು. ಬರೀ ನೀರು.

ಮೆಟ್ರೋ ಇಳಿದು ಮನೆಗೆ ಸುಮಾರು ಇನ್ನೂರು ಮೆಟ್ಟಿಲು ಹತ್ತಬೇಕು, ಆ ಊರೇ ಹಾಗೆ. ಅರ್ಧ ಹತ್ತೋ ಹೊತ್ತಿಗೆ ಎಡಗಾಲಿನ ಮೀನಖಂಡ ಹಿಡ್ಕೊಂತು, ಹಿಡಿದ ಹಿಡಿತಕ್ಕೆ ಅಲ್ಲೇ ಕೂತೆ. ಕಣ್ಣು ಮುಂದೆ ಚುಕ್ಕಿ ಚುಕ್ಕಿ, ಕಿವಿಯಲ್ಲಿ ಗುಂಯ್, ಆಮೇಲೆ ವಾಂತಿ. ಮೈ ಮಾತ್ರ ಒದ್ದೆ ಮುದ್ದೆ, ಕೈ ತಣ್ಣಗೆ ಅಂಟಂಟು. ಕಲ್ಲಿನ ಮೆಟ್ಟಿಲು ಪ್ಯಾಂಟ್ ಮೇಲಿಂದಲೂ ಸುಡ್ತಿತ್ತು ಅನ್ನೋದು ನೆನಪಿದೆ, ಏಳಬೇಕು ಅಂತ ಅನ್ನಿಸಿದ್ರೂ ಏಳೋಕೆ ಆಗ್ಲಿಲ್ಲ.

ಅಜ್ಜಿ ಬಾಂಬ್ ಶೆಲ್ಟರ್‌ನಿಂದ ಕೊಡೆ ಹಿಡ್ಕೊಂಡು ಬರ್ತಿದ್ದಳು. ಎರಡನೇ ಮಹಾಯುದ್ಧದಲ್ಲಿ ಜಪಾನ್ ವಿಮಾನಗಳು ವರ್ಷಗಟ್ಟಲೆ ಬಾಂಬ್ ಹಾಕಿದಾಗ ಬೆಟ್ಟ ಕೊರೆದು ಮಾಡಿದ ಸುರಂಗಗಳು ಅವು, ಈಗ ಕೆಲವು ಹಾಟ್‌ಪಾಟ್ ಹೋಟೆಲ್, ಕೆಲವನ್ನ ಬೇಸಿಗೇಲಿ ಜನ ತಂಪಿಗೆ ಕೂರಲಿ ಅಂತ ತೆರೀತಾರೆ, ಬೆಂಚು, ನೀರು, ಟಿವಿ ಎಲ್ಲಾ ಇರುತ್ತೆ. ನನ್ನ ನೋಡಿದವಳೇ ಬೈಗುಳ ಶುರು. ಚೀಲದಿಂದ ಒಂದು ಚಿಕ್ಕ ಬಾಟಲಿ ತೆಗೆದು ಬಾಯಿಗೆ ಸುರಿದಳು, ಹ್ವೋಶ್ಯಾಂಗ್ ಜಂಗ್‌ಚಿ ಅಂತ, ಬೇಸಿಗೇಲಿ ಪ್ರತಿ ಮನೇಲೂ ಇರೋ ಔಷಧಿ. ಗಂಟಲು ಸುಟ್ಟು ಮತ್ತೆ ವಾಂತಿ. ಆಮೇಲೆ ಬೆನ್ನು ತಿರುಗಿಸು ಚಮಚದಲ್ಲಿ ಕೆರೀತೀನಿ ಅಂದಳು, ಗ್ವಾಶಾ ಅಂತಾರೆ, ಚರ್ಮ ಕೆಂಪು ಗೆರೆ ಏಳೋ ಹಾಗೆ ಉಜ್ಜೋದು. ಅಷ್ಟರಲ್ಲಿ ಕೆಳಗಿನ ಅಂಗಡಿಯವನು ಬಂದು ಇಬ್ಬರೂ ಸೇರಿ ಎಬ್ಬಿಸಿ ಶೆಲ್ಟರ್‌ಗೆ ಎಳ್ಕೊಂಡು ಹೋದ್ರು. ಬಾಗಿಲ ಒಳಗೆ ಕಾಲಿಟ್ಟ ತಕ್ಷಣ ಮುಖಕ್ಕೆ ಬಡಿದ ತಣ್ಣನೆ ಗಾಳಿ ಇದೆಯಲ್ಲ, ಹಳೇ ಬಾವಿಯ ವಾಸನೆ, ಪಾಚಿ ಹಿಡಿದ ಕಲ್ಲಿನ ವಾಸನೆ, ಇವತ್ತಿಗೂ ಮೂಗಲ್ಲಿದೆ. ವಾಲಂಟಿಯರ್ ಹುಡುಗಿಯೊಬ್ಬಳು ಶರ್ಟ್ ಬಿಚ್ಚಿಸಿ ಒದ್ದೆ ಟವೆಲ್ ಕುತ್ತಿಗೆಗೆ, ಕಂಕುಳಿಗೆ ಹಾಕಿ ಮೇಲಿಂದ ಫ್ಯಾನ್ ಬಿಟ್ಟಳು, ಕಾಲು ಎತ್ತಿಟ್ಟು ಉಪ್ಪು ಹಾಕಿದ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಜ್ವರ ನೋಡಿದ್ರೆ 38.9. ಹೆಸರೇನು, ಇವತ್ತು ಯಾವ ವಾರ, ಎಲ್ಲಿದ್ದೀಯ ಅಂತ ಹತ್ತು ನಿಮಿಷಕ್ಕೊಂದು ಸಲ ಕೇಳ್ತಿದ್ದಳು, ನನಗೆ ಕಿರಿಕಿರಿ ಆಗ್ತಿತ್ತು. ಆ ಪ್ರಶ್ನೆ ಯಾಕೆ ಅಂತ ಆಮೇಲೆ ಕ್ಲಿನಿಕ್ ಡಾಕ್ಟ್ರು ಹೇಳಿದ್ರು.

ಬಿಸಿಲ ಹೊಡೆತದಲ್ಲಿ ಮೆಟ್ಟಿಲುಗಳಿವೆ. ಸ್ನಾಯು ಹಿಡ್ಕೊಳ್ಳೋದು, ಆಮೇಲೆ ಸುಸ್ತು, ತಲೆನೋವು, ವಾಂತಿ, ಅಲ್ಲೀತನಕ ನೆರಳು ನೀರು ಉಪ್ಪಿಗೆ ಬಗ್ಗುತ್ತೆ. ಮೈಯ ಒಳಗಿನ ಶಾಖ 40 ದಾಟಿ ಮಾತು ತಡವರಿಸಿದ್ರೆ, ಅಸಂಬದ್ಧ ಮಾತಾಡಿದ್ರೆ, ಜ್ಞಾನ ತಪ್ಪಿದ್ರೆ ಅದು ಹೀಟ್‌ಸ್ಟ್ರೋಕ್, ಅಲ್ಲಿ ನಿಮಿಷಗಳ ಲೆಕ್ಕ, ಬಾಯಿಗೆ ಏನೂ ಹಾಕಬಾರದು, ಆಂಬುಲೆನ್ಸ್‌ಗೆ ಫೋನ್ ಮಾಡಿ ಅದು ಬರೋವರೆಗೆ ಸಿಕ್ಕಿದ ನೀರಲ್ಲಿ ಮೈಪೂರ್ತಿ ತೋಯಿಸ್ತಾ ಇರಬೇಕು. ಅಲ್ಲಿ 120, ನಮ್ಮಲ್ಲಿ 108. ಬೆವರು ಬರ್ತಿದೆ ಅಂದ್ರೆ ಸೇಫ್ ಅಂತ ಅಂದ್ಕೊಳ್ಳೋದೂ ತಪ್ಪಂತೆ, ಕೆಲಸ ಮಾಡ್ತಾ ಬಿದ್ದವರಿಗೆ ಬೆವರು ಇದ್ದೂ ಸ್ಟ್ರೋಕ್ ಆಗುತ್ತೆ. ನಾನು ಎರಡನೇ ಮೆಟ್ಟಿಲಲ್ಲಿದ್ದೆ. ವಾರ ಯಾವುದು ಅಂತ ಸರಿಯಾಗಿ ಹೇಳಿದ್ದಕ್ಕೆ ಆಸ್ಪತ್ರೆ ತಪ್ತು.

ಎಲ್ಲಿ ಎಡವಿದೆ

ಮಲಗಿದ್ದ ಎರಡು ದಿನ ಇದನ್ನೇ ಯೋಚ್ನೆ ಮಾಡಿದೆ. ಬಿಯರ್ ಮೂತ್ರ ಜಾಸ್ತಿ ಮಾಡ್ಸಿ ಇದ್ದ ನೀರನ್ನೂ ಖಾಲಿ ಮಾಡಿತ್ತು, ಅದು ಸುಲಭದ ಉತ್ತರ. ಬರೀ ನೀರು ಲೀಟರ್‌ಗಟ್ಟಲೆ ಕುಡಿದು ಉಪ್ಪು ತಗೊಳ್ದೇ ಇದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಸ್ನಾಯು ಹಿಡ್ಕೊಂಡಿದ್ದರ ಹಿಂದೆ ಅದೂ ಇರಬೇಕು ಅಂದ್ರು ಡಾಕ್ಟ್ರು. ಶಾಂಘೈ ಕಡೆ ಫ್ಯಾಕ್ಟರಿಗಳಲ್ಲಿ ಬೇಸಿಗೇಲಿ ಕಾರ್ಮಿಕರಿಗೆ ಉಪ್ಪು ಸೋಡಾ ಹಂಚೋ ಪದ್ಧತಿ ಇದೆ, ಅದು ಸುಮ್ಮನೆ ಅಲ್ಲ. ನಮ್ಮವ್ವ ಹೊಲಕ್ಕೆ ಹೋಗೋರಿಗೆ ಅಂಬಲಿ ಮಜ್ಜಿಗೆಗೆ ಉಪ್ಪು ಹಾಕಿ ಕಟ್ಟಿಕೊಡೋದೂ ಸುಮ್ಮನೆ ಅಲ್ಲ, ನಾನು ಊರಲ್ಲಿ ಬಿಸಿಲಿಗೆ ಬೀಳದೇ ಇದ್ದಿದ್ದು ರಾಯಚೂರು ರಕ್ತದಿಂದಲ್ಲ, ಆ ಮಜ್ಜಿಗೆಯಿಂದ. ಜಂಬ ನನ್ನದು, ಉಪ್ಪು ಅವ್ವನದು.

ಹೊತ್ತಿನ ಲೆಕ್ಕ ಇನ್ನೊಂದು, ಇದು ನನಗೆ ಹೊಳೆದಾಗ ನಿಜಕ್ಕೂ ನಗು ಬಂತು. ಐದೂವರೆ ಅಂದ್ರೆ ಬಿಸಿಲು ಇಳಿದಿರುತ್ತೆ ಅಂತ ಮೆಟ್ಟಿಲು ಹತ್ತಿದ್ದೆ. ಚೀನಾ ಪೂರ್ತಿ ಒಂದೇ ಗಡಿಯಾರ, ಬೀಜಿಂಗ್ ಟೈಮು, ಅದು 120 ಡಿಗ್ರಿ ರೇಖಾಂಶದ್ದು. ಚೊಂಗ್‌ಚಿಂಗ್ ಇರೋದು 106 ಚಿಲ್ಲರೆಯಲ್ಲಿ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರೋದೇ ಮಧ್ಯಾಹ್ನ ಒಂದು ಗಂಟೆಗೆ. ಐದೂವರೆ ಅನ್ನೋದು ಸೂರ್ಯನ ಲೆಕ್ಕದಲ್ಲಿ ನಾಲ್ಕೂವರೆ, ಗೋಡೆ, ರಸ್ತೆ, ಮೆಟ್ಟಿಲು ಎಲ್ಲಾ ಕಾದು ಕೂತಿರೋ ಹೊತ್ತು. ನಾಲ್ಕು ವರ್ಷ ಆ ಊರಲ್ಲಿದ್ದು ಕೈಗಡಿಯಾರ ನಂಬಿದ್ದೆ.

ಆದ್ರೆ ಮುಖ್ಯ ಕಾರಣ ಇದ್ಯಾವುದೂ ಅಲ್ಲ, ರಾತ್ರಿ. ರಾಯಚೂರಲ್ಲಿ ಹಗಲು ಎಷ್ಟೇ ಸುಟ್ಟರೂ ಒಣ ಗಾಳಿ, ರಾತ್ರಿ ಮಾಳಿಗೆ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಕಿದ್ರೆ ಮೂರು ಗಂಟೆ ಹೊತ್ತಿಗೆ ಹೊದಿಕೆ ಹುಡುಕ್ತೀವಿ, ಮೈ ಹಗಲಿನ ಸಾಲ ರಾತ್ರಿ ತೀರಿಸಿ ಬಿಡುತ್ತೆ. ಅಲ್ಲಿ ಕಣಿವೆ, ಸುತ್ತ ಕಾಂಕ್ರೀಟು, ಗಾಳಿ ಅಲ್ಲಾಡಲ್ಲ. ಮೂರು ರಾತ್ರಿ 33ರಲ್ಲಿ ಮಲಗಿದ್ರೆ ಸಾಲದ ಮೇಲೆ ಬಡ್ಡಿ. 18ರಂದು ಬಿದ್ದಿದ್ದು 18ರ ಬಿಸಿಲಿಗಲ್ಲ. ಸಾನ್‌ಫು ಅನ್ನೋ ಪಂಚಾಂಗ ನನಗೆ ಆಗ ಅರ್ಥ ಆಯ್ತು, ಅವರು ಎಣಿಸ್ತಿರೋದು ಡಿಗ್ರಿ ಅಲ್ಲ, ಬಿಡುವಿಲ್ಲದ ದಿನಗಳನ್ನ.

ಅಜ್ಜಿಯ ದಿನಚರಿ

ನಾನು ಬಿದ್ದಾಗ ಅಜ್ಜಿ ಎಪ್ಪತ್ತು ದಾಟಿದವಳು ಕೊಡೆ ಹಿಡ್ಕೊಂಡು ಆರಾಮಾಗಿ ನಡ್ಕೊಂಡು ಬರ್ತಿದ್ದಳಲ್ಲ, ಹೇಗೆ? ಆಮೇಲೆ ಒಂದು ವಾರ ಅವಳ ಮನೇಲೇ ಊಟ, ಹಾಗಾಗಿ ಹತ್ತಿರದಿಂದ ನೋಡಿದೆ. ನಾಲ್ಕೂವರೆಗೆ ಎದ್ದು ಎಲ್ಲಾ ಕಿಟಕಿ ತೆಗೀತಾಳೆ, ಐದೂವರೆಗೆ ತರಕಾರಿ ಮಾರ್ಕೆಟ್, ಏಳು ಗಂಟೆಗೆ ಕಿಟಕಿ ಬಂದ್, ದಪ್ಪ ಪರದೆ. ಬಿಸಿಲು ಬಂದ ಮೇಲೆ ಕಿಟಕಿ ತೆಗೆಯೋದು ಅಂದ್ರೆ ಒಲೆ ಬಾಯಿ ತೆಗೆದ ಹಾಗೆ ಅಂತಾಳೆ. ಅಡುಗೆ ದಿನಕ್ಕೆ ಒಂದೇ ಸಲ, ಎಂಟರೊಳಗೆ ಗ್ಯಾಸ್ ಆಫ್. ಹೆಸರುಕಾಳು ನೀರು ಕಾಯಂ, ಕಾಳು ಒಡೆಯೋ ಮುಂಚೆ, ನೀರು ತಿಳಿ ಹಸಿರು ಇರುವಾಗಲೇ ಬಸಿದು ಇಡ್ತಾಳೆ, ಕಾಳು ರಾತ್ರಿಗೆ. ರಾಮನವಮಿ ಕೋಸಂಬರಿ ಪಾನಕದ ನೆನಪಾಗಿ ಒಂದು ದಿನ ಅವಳಿಗೆ ಹೆಸರುಬೇಳೆ ಕೋಸಂಬರಿ ಮಾಡಿಕೊಟ್ಟೆ, ಹಸೀದು ತಿಂತೀರಾ ಅಂತ ಮುಖ ಸಿಂಡರಿಸಿದಳು ಆದ್ರೆ ಬಟ್ಟಲು ಖಾಲಿ ಆಯ್ತು.

ಮಧ್ಯಾಹ್ನಕ್ಕೆ ತೆಳು ಅಕ್ಕಿ ಗಂಜಿ, ಜೊತೆಗೆ ಹುಳಿ ಬಂದ ಅಲಸಂದೆ ಕಾಯಿ ಉಪ್ಪಿನಕಾಯಿ. ಮಣ್ಣಿನ ಭರಣಿಯ ಅಂಚಲ್ಲಿ ನೀರಿನ ಕಟ್ಟೆ ಇರುತ್ತೆ, ಮುಚ್ಚಳ ಆ ನೀರಲ್ಲಿ ಕೂತು ಗಾಳಿ ಒಳಗೆ ಹೋಗಲ್ಲ, ಒಳಗಿಂದ ಮಾತ್ರ ಬುಳುಕ್ ಅಂತ ಗುಳ್ಳೆ ಹೊರಗೆ ಬರುತ್ತೆ. ಗಂಜಿಯ ನೀರು, ಉಪ್ಪಿನಕಾಯಿಯ ಉಪ್ಪು, ಎರಡೂ ಸೇರಿದ್ರೆ ಓಆರ್‌ಎಸ್ ಅಲ್ಲದೆ ಮತ್ತೇನು. ಅಜ್ಜಿಗೆ ಓಆರ್‌ಎಸ್ ಗೊತ್ತಿಲ್ಲ, ಅವಳ ಪ್ರಕಾರ ಗಂಜಿ ಶಾಖ ಇಳಿಸುತ್ತೆ ಅಷ್ಟೇ. ನಮ್ಮಲ್ಲಿ ಹೀಟ್ ಆಗಿದೆ ಅಂತೀವಲ್ಲ ಅದೇ ಮಾತು ಅದೇ ಅರ್ಥ. ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಪ್ಯಾಕೆಟ್ ಸಿಗದಾಗ ನಾನು ಮಾಡ್ಕೊಳ್ಳೋದು ಈ ಲೆಕ್ಕದಲ್ಲಿ.

ಉತ್ತರ ಚೀನಾದವರದ್ದು ಬೇರೆ ಮೆನು, ಮೊದಲ ಫುಗೆ ಜ್ಯಾವ್‌ಜ್ ಕಡುಬು, ಎರಡನೇದಕ್ಕೆ ನೂಡಲ್ಸ್, ಮೂರನೇದಕ್ಕೆ ದೋಸೆ ಥರದ್ದು ಮೊಟ್ಟೆ ಹಾಕಿ ಅಂತ ಗಾದೆಯೇ ಇದೆ. ಶೂಜೋವ್ ಊರಲ್ಲಂತೂ ಈ ಸೆಕೇಲಿ ಆಡಿನ ಮಾಂಸದ ಸೂಪು ಕುಡಿಯೋ ಹಬ್ಬ. ಉಷ್ಣವನ್ನ ಉಷ್ಣದಿಂದ ಓಡಿಸೋದಂತೆ. ನನಗೆ ಅದು ಸೇರಲ್ಲ, ನೀವು ತಿನ್ನಿ.

ಊಟ ಆದಮೇಲೆ ಒಂದು ನಿದ್ದೆ, ಆಮೇಲೆ ಒಂದೂವರೆಯಿಂದ ಐದೂವರೆ ಆರರ ತನಕ ಶೆಲ್ಟರ್‌ನಲ್ಲಿ ಮಾಹ್ಜಾಂಗ್, ನಾಲ್ಕು ಜನ ಕೂತು ಬಿಲ್ಲೆಗಳಲ್ಲಿ ಆಡೋ ಆಟ. ದಿನಕ್ಕೆ ನಾಲ್ಕು ಗಂಟೆ ತಂಪು ಜಾಗದಲ್ಲಿ ಕೂತ್ರೆ ಮೈಗೆ ಬಿಡುವು ಸಿಗುತ್ತೆ, ರಾತ್ರಿಯ ಸಾಲ ಹಗಲು ತೀರಿಸಿದ ಹಾಗೆ. ಅವಳನ್ನ ಉಳಿಸಿದ್ದು ಹೆಸರುಕಾಳಿಗಿಂತ ಜಾಸ್ತಿ ಆ ಮಾಹ್ಜಾಂಗ್ ಅಂತ ನನ್ನ ಅಭಿಪ್ರಾಯ.

ಅಜ್ಜಿ ತಪ್ಪಿದ್ದು

ಆ ಬಾಟಲಿ ಔಷಧಿ ಬಗ್ಗೆ ಹೇಳಲೇಬೇಕು. ಅದರಲ್ಲಿ ಪಚೋಲಿ ಎಣ್ಣೆ, ಕಿತ್ತಳೆ ಸಿಪ್ಪೆ, ಅಷ್ಟೇ ಅಲ್ಲ ಅಡಿಕೆ ಸಿಪ್ಪೆನೂ ಇದೆ, ಹೌದು ನಮ್ಮ ಶಿವಮೊಗ್ಗ ಶಿರಸಿಯವರು ಸುಲಿದು ರಾಶಿ ಹಾಕೋ ಅದೇ ಅಡಿಕೆ ಸಿಪ್ಪೆ, ಅಲ್ಲಿ ಔಷಧಿ. ಆದ್ರೆ ದ್ರವ ರೂಪದ್ದರಲ್ಲಿ ಶೇಕಡಾ 40 ರಿಂದ 50 ಆಲ್ಕೋಹಾಲ್, ವಿಸ್ಕಿ ಲೆಕ್ಕ. ನೀರು ಒಣಗಿ ಬಿದ್ದವನಿಗೆ ಅದನ್ನ ಕುಡಿಸಿದ್ರೆ ಏನಾಗುತ್ತೋ ನನಗೆ ಅದೇ ಆಯ್ತು. ಸೆಫಲೋಸ್ಪೊರಿನ್ ಜಾತಿಯ ಆಂಟಿಬಯೋಟಿಕ್ ತಗೊಳ್ತಿರೋರು ಕುಡಿದ್ರೆ ಎದೆ ಬಡಿತ, ಬಿಪಿ ಇಳಿತ, ಜೀವಕ್ಕೇ ಕುತ್ತು ಬರಬಹುದು, ಅಲ್ಲಿನ ಡಾಕ್ಟರುಗಳೇ ಪ್ರತಿ ಬೇಸಿಗೆ ಎಚ್ಚರಿಸ್ತಾರೆ. ಅಜ್ಜಿ ಸೆಕೆ ತಡೆಯೋಕೆ ಅಂತ ದಿನಾ ಒಂದು ಕುಡೀತಿದ್ದಳು, ಬಿಪಿ ಮಾತ್ರೆ ಜೊತೆ. ಅವಳ ಬಿಪಿ ಮಾತ್ರೇಲಿ ಮೂತ್ರ ಜಾಸ್ತಿ ಮಾಡೋ ಔಷಧಿ ಸೇರಿತ್ತು, ಅಂಥವರಿಗೆ ಸೆಕೇಲಿ ನೀರು ಉಪ್ಪು ಇನ್ನೂ ಬೇಗ ಖಾಲಿ. ಮಾತ್ರೆ ಪಟ್ಟಿಯ ಫೋಟೋ ತೆಗೆದು ಡಾಕ್ಟ್ರ ಹತ್ರ ಕರ್ಕೊಂಡು ಹೋದೆ, ಅವರು ಡೋಸ್ ಬದಲಾಯಿಸಿ ಆ ಬಾಟಲಿ ಮುಟ್ಟಬೇಡಿ ಅಂದ್ರು. ತಾವೇ ಮಾತ್ರೆ ನಿಲ್ಲಿಸಬಾರದು ಅಂತಲೂ ಒತ್ತಿ ಹೇಳಿದ್ರು.

ಎಸಿ ಜಗಳ ಮೂರು ದಿನ ನಡೀತು. ತಣ್ಣನೆ ಗಾಳಿ ಮೂಳೆಗೆ ಇಳಿಯುತ್ತೆ, ಎಸಿ ರೋಗ ಬರುತ್ತೆ ಅಂತ ಅವಳ ಮಾತು. ಫ್ಯಾನ್ ಸಾಕು ಅಂತಿದ್ದಳು. ಗಾಳಿಯೇ 40 ಡಿಗ್ರಿ ಇರುವಾಗ ಫ್ಯಾನ್ ಅಂದ್ರೆ ಹೇರ್ ಡ್ರೈಯರ್, ಮೈಗೆ ಶಾಖ ತುಂಬುತ್ತೆ. 28ಕ್ಕೆ ಇಟ್ಟು, ಬೀಸು ಗೋಡೆ ಕಡೆ ತಿರುಗಿಸಿ, ಮಲಗೋ ರೂಮಲ್ಲಿ ಮಾತ್ರ, ಹೊಟ್ಟೆ ಮೇಲೆ ಒಂದು ತೆಳು ಟವೆಲ್, ಹೀಗೆ ಒಪ್ಪಂದ ಆಯ್ತು. ಹೊಟ್ಟೆ ಮುಚ್ಚಿಕೊಳ್ಳೋದು ಅವಳ ಕಂಡೀಷನ್ನು. ಮೊದಲ ರಾತ್ರಿ ಆದಮೇಲೆ ಬೆಳಿಗ್ಗೆ ಏನೂ ಹೇಳಲಿಲ್ಲ, ಎರಡನೇ ದಿನ ತಾನೇ ರಿಮೋಟ್ ಕೇಳಿದಳು.

24ನೇ ತಾರೀಕು

21ಕ್ಕೆ ಬೇಬೇಯ್‌ನ ಜಿನ್ಯುನ್ ಬೆಟ್ಟಕ್ಕೆ ಬೆಂಕಿ ಬಿತ್ತು, ಹುಡುಗರು ಮೋಟಾರ್‌ಸೈಕಲ್ ಮೇಲೆ ಕಡಿದಾದ ಬೆಟ್ಟಕ್ಕೆ ನೀರು, ಐಸು ಹೊತ್ತು ಹತ್ತಿಸಿದ ವಿಡಿಯೋ ನೀವೂ ನೋಡಿರ್ತೀರ. ಅದರ ನಡುವೆ 24, ಬುಧವಾರ, ಕೊನೇ ಫುವಿನ ಕೊನೇ ದಿನ, ನಗರ ಪೂರ್ತಿ ಕೋವಿಡ್ ಟೆಸ್ಟ್ ಅಂತ ಆರ್ಡರ್. 40 ಡಿಗ್ರಿ ಮೇಲೆ, ಲಕ್ಷಗಟ್ಟಲೆ ಜನ ಕ್ಯೂನಲ್ಲಿ. ಹಳೇ ನಾನಾಗಿದ್ರೆ ಆಫೀಸ್ ಕೆಲಸ ಮುಗಿಸಿ ಸಂಜೆ ಹೋಗ್ತಿದ್ದೆ.

ಅಜ್ಜಿ ನಾಲ್ಕೂವರೆಗೇ ಬಾಗಿಲು ಬಡಿದಳು. ಮಡಚೋ ಸ್ಟೂಲು ಎರಡು, ಕೊಡೆ, ಒದ್ದೆ ಟವೆಲ್ ಪ್ಲಾಸ್ಟಿಕ್ ಚೀಲದಲ್ಲಿ, ನನ್ನ ಸಕ್ಕರೆ ಉಪ್ಪಿನ ನೀರು ಒಂದು ಬಾಟಲಿ, ಅವಳ ಹೆಸರುಕಾಳು ನೀರು ಒಂದು ಬಾಟಲಿ, ಅದಕ್ಕೂ ಚಿಟಿಕೆ ಉಪ್ಪು ಹಾಕಿದ್ದೀನಿ ನೋಡು ಅಂತ ತೋರಿಸಿದಳು. ಕತ್ತಲಲ್ಲೇ ಹೋಗಿ ಕೂತ್ವಿ. ನಮ್ಮ ಪಾಳಿ ಬರೋಕೆ ಎರಡು ಗಂಟೆ ಆಯ್ತು, ಬಿಳೀ ಸೂಟು ಹಾಕಿದ್ದ ಟೆಸ್ಟ್ ಮಾಡೋ ಹುಡುಗನ ಕಾಲ ಹತ್ರ ಐಸ್ ಗಡ್ಡೆ ಇಟ್ಟಿದ್ರು, ಅದರಿಂದ ಹರಿದ ನೀರಿಗೆ ಅಜ್ಜಿ ಚಪ್ಪಲಿ ಬಿಟ್ಟು ಕಾಲಿಟ್ಟಳು, ಅವನು ನಕ್ಕ. ಬಿಸಿಲು ಏರೋದ್ರೊಳಗೆ ಮನೆಗೆ ಬಂದು ಕಿಟಕಿ ಹಾಕಿದ್ವಿ. ಮಧ್ಯಾಹ್ನದ ಕ್ಯೂನಲ್ಲಿ ನಮ್ಮ ಬಿಲ್ಡಿಂಗ್‌ನವರೇ ಒಬ್ಬರು ಬಿದ್ದರು ಅಂತ ಸಂಜೆ ಗೊತ್ತಾಯ್ತು.

25ಕ್ಕೆ ಪಂಚಾಂಗದ ಪ್ರಕಾರ ಫು ಮುಗಿದಿತ್ತು. ಬಿಸಿಲು ಮುಗೀಲಿಲ್ಲ. ಫು ಮುಗೀತಲ್ಲ ಅಜ್ಜಿ, ಕಿಟಕಿ ತೆಗೀಬಹುದಾ ಅಂತ ರೇಗಿಸಿದೆ. ಪಂಚಾಂಗ ಹೇಳಿದ್ದು ಪಂಚಾಂಗಕ್ಕೆ, ಗೋಡೆ ಮುಟ್ಟಿ ನೋಡು ಅಂದಳು. ಮುಟ್ಟಿದೆ, ಬೆಳಿಗ್ಗೆ ಆರಕ್ಕೂ ಬೆಚ್ಚಗಿತ್ತು. ತಿಂಗಳ ಕೊನೆಗೆ ಮಳೆ ಬರೋವರೆಗೂ ಅವಳ ಪರದೆ ಹಾಗೇ ಇತ್ತು. ಮಳೆ ಬಂದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿಂದ ಒಗ್ಗರಣೆ ಘಾಟು ಬಂತು, ನಲವತ್ತು ಚಿಲ್ಲರೆ ದಿನ ಆದಮೇಲೆ ಮೊದಲ ಸಲ ಆ ಹೊತ್ತಲ್ಲಿ ಒಲೆ ಹಚ್ಚಿದ್ದಳು.